ಕಾರು ಒಂದೇ ಕಡೆಗೆ ಎಳೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ದುಡ್ಡು ಕೊಡುವ ಮೊದಲು ಇದನ್ನು ಓದಿ

ಸ್ಟೀರಿಂಗ್ ನೇರವಾಗಿಯೇ ಹಿಡಿದಿದ್ದೀರಿ. ಆದರೂ ಕಾರು ಮೆಲ್ಲಗೆ ಎಡಕ್ಕೋ ಬಲಕ್ಕೋ ಸರಿಯುತ್ತಿದೆ. ಅದನ್ನು ನೇರ ಇಡಲು ಕೈಗೆ ಸದಾ ಸ್ವಲ್ಪ ಬಲ ಬೇಕು. ಈ ವಿಷಯವನ್ನು ಯಾವುದಾದರೂ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಿ ನೋಡಿ, ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ: "ವೀಲ್ ಅಲೈನ್‌ಮೆಂಟ್ ಹೋಗಿದೆ, ಮಾಡಿಸಿ." ಅದರ ಹಿಂದೆಯೇ ಇನ್ನೂ ಕೆಲವು ಸಲಹೆಗಳು ಬರುತ್ತವೆ. ಹೆದ್ದಾರಿಯಲ್ಲಿ ಎರಡೂ ಕೈ ಬಿಟ್ಟು ನೋಡಿ, ನೈಟ್ರೋಜನ್ ತುಂಬಿಸಿ, ಎಳೆಯುವ ಕಡೆಯ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಹೊಡೆಸಿ.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾವುದು ಅಪಾಯಕಾರಿ? ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

ಅಲೈನ್‌ಮೆಂಟ್ ಎನ್ನುವುದು ಹಲವು ಕಾರಣಗಳಲ್ಲಿ ಒಂದು ಮಾತ್ರ. ಟೈರಿನ ಗಾಳಿ, ಟೈರಿನ ಒಳರಚನೆ, ಬ್ರೇಕ್, ಸಸ್ಪೆನ್ಷನ್, ಕೊನೆಗೆ ರಸ್ತೆಯ ಇಳಿಜಾರು ಕೂಡ ಕಾರನ್ನು ಪಕ್ಕಕ್ಕೆ ಎಳೆಯಬಲ್ಲವು. ಇವುಗಳಲ್ಲಿ ಕೆಲವನ್ನು ದುಡ್ಡು ಖರ್ಚಿಲ್ಲದೆ ನೀವೇ ಪತ್ತೆ ಮಾಡಬಹುದು. ಒಂದೆರಡು ಕಾರಣಗಳು ಮಾತ್ರ ನಾಳೆ ನೋಡೋಣ ಎಂದು ಬಿಡುವಂಥವಲ್ಲ. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಎರಡು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಕಾರು ಯಾವಾಗ ಎಳೆಯುತ್ತದೆ? ಯಾವಾಗಿನಿಂದ ಎಳೆಯುತ್ತಿದೆ?

ಮೊದಲ ಪ್ರಶ್ನೆ: ಯಾವಾಗ ಎಳೆಯುತ್ತದೆ?

ಎಳೆತ ಎಲ್ಲ ಸಮಯದಲ್ಲೂ ಒಂದೇ ರೀತಿ ಇದೆಯೇ, ಬ್ರೇಕ್ ಒತ್ತಿದಾಗ ಮಾತ್ರವೇ, ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರವೇ ಎಂದು ಗಮನಿಸಿ. ಸದಾ ಎಳೆಯುತ್ತಿದ್ದರೆ ಗಾಳಿ, ಟೈರ್, ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕ್ ಕಾರಣ ಇರಬಹುದು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕನ್ನೇ ಮೊದಲು ನೋಡಬೇಕು. ವೇಗ ಹೆಚ್ಚಿಸುವಾಗ ಮಾತ್ರ ಎಳೆದರೆ ಎಂಜಿನ್‌ನ ಶಕ್ತಿ ಚಕ್ರಕ್ಕೆ ತಲುಪುವ ದಾರಿಯಲ್ಲಿ ಹುಡುಕಬೇಕು.

ಎರಡನೇ ಪ್ರಶ್ನೆ: ಯಾವಾಗಿನಿಂದ?

ಹಿಂದಿನ ಕೆಲವು ದಿನಗಳನ್ನು ನೆನಪಿಸಿಕೊಳ್ಳಿ. ಪಂಕ್ಚರ್ ಹಾಕಿಸಿದ ಮೇಲೆ ಶುರುವಾಯಿತೇ? ಹಾಗಿದ್ದರೆ ಗಾಳಿ ಅಥವಾ ಸ್ಟೆಪ್ನಿ ಕಡೆ ನೋಡಿ. ಸರ್ವಿಸ್‌ನಲ್ಲಿ ಟೈರ್‌ಗಳ ಜಾಗ ಬದಲಿಸಿದ ಮೇಲೆ ಶುರುವಾಯಿತೇ? ಟೈರ್ ಕಡೆ ನೋಡಿ. ರಾತ್ರಿ ಕಾಣದೆ ದೊಡ್ಡ ಗುಂಡಿಗೆ ಇಳಿಸಿದ ಮಾರನೇ ದಿನದಿಂದಲೇ? ಚಕ್ರದ ಹಿಂದಿನ ಯಾವುದೋ ಭಾಗ ಬಾಗಿರಬಹುದು. ಮಳೆಗಾಲದಲ್ಲಿ ಎರಡು ಮೂರು ವಾರ ಕಾರು ತೆಗೆಯದೆ ನಿಲ್ಲಿಸಿದ್ದಿರೇ? ಬ್ರೇಕ್ ತುಕ್ಕು ಹಿಡಿದು ಅಂಟಿಕೊಂಡಿರಬಹುದು.

ಒಬ್ಬ ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುವುದೂ ಇವೇ ಎರಡು ಪ್ರಶ್ನೆ.

ಕಾರಿನ ತಪ್ಪೋ, ರಸ್ತೆಯ ತಪ್ಪೋ?

ಕಾರು ಸ್ವಲ್ಪ ಎಡಕ್ಕೆ ಸರಿಯುವುದೆಲ್ಲ ದೋಷವಲ್ಲ. ಮಳೆನೀರು ರಸ್ತೆಯ ಮೇಲೆ ನಿಲ್ಲಬಾರದು ಎಂದು ರಸ್ತೆಯನ್ನು ನಡುವೆ ಸ್ವಲ್ಪ ಎತ್ತರವಾಗಿ, ಎರಡೂ ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಡಾಂಬರು ಮತ್ತು ಕಾಂಕ್ರೀಟ್ ರಸ್ತೆಗಳಲ್ಲಿ ಈ ಇಳಿಜಾರು ಸುಮಾರು ಶೇ. 1.7ರಿಂದ 2.5. ಶೇ. 2 ಎಂದರೆ 3.5 ಮೀಟರ್ ಅಗಲದ ಲೇನ್‌ನಲ್ಲಿ ಒಂದು ಅಂಚು ಇನ್ನೊಂದಕ್ಕಿಂತ 7 ಸೆಂ.ಮೀ. ತಗ್ಗು. ಕಣ್ಣಿಗೆ ಇದು ಕಾಣುವುದೇ ಇಲ್ಲ. ಆದರೆ 1,000 ಕೆ.ಜಿ. ತೂಕದ ಕಾರನ್ನು ಈ ಇಳಿಜಾರು ಸುಮಾರು 20 ಕೆ.ಜಿ. ತೂಕದಷ್ಟು ಬಲದಿಂದ ಅಂಚಿನ ಕಡೆಗೆ ಜಗ್ಗುತ್ತದೆ.

ನಾವು ಓಡಿಸುವುದು ಎಡಗಡೆ. ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ನಮ್ಮ ಕಡೆಯ ಇಳಿಜಾರು ಎಡಕ್ಕೇ ಇರುತ್ತದೆ. ಆದ್ದರಿಂದ ಸರಿಯಾಗಿರುವ ಕಾರು ಕೂಡ ಇಂಥ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೆ ಸರಿಯುವುದು ಸಹಜ. ಹೋಗುವಾಗಲೂ ಎಡಕ್ಕೆ, ಬರುವಾಗಲೂ ಎಡಕ್ಕೆ, ಹಾಗಾಗಿ ಕಾರಿನದ್ದೇ ತಪ್ಪು ಎಂದು ಹಲವರು ತೀರ್ಮಾನಿಸುತ್ತಾರೆ. ಎರಡು ದಿಕ್ಕಿನಲ್ಲೂ ನೀವು ಇಳಿಜಾರಿನ ಎಡ ಅಂಚಿನಲ್ಲೇ ಇದ್ದಿರಿ ಎಂಬುದು ಮರೆತುಹೋಗಿರುತ್ತದೆ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಡಿವೈಡರ್ ಇಲ್ಲದ ನೇರ ರಸ್ತೆಯಲ್ಲಿ ಕಾರು ಬಲಕ್ಕೆ ಎಳೆದರೆ ರಸ್ತೆಯ ಮೇಲೆ ತಪ್ಪು ಹೊರಿಸುವಂತಿಲ್ಲ. ಕಾರು ಇಳಿಜಾರಿಗೆ ವಿರುದ್ಧವಾಗಿ ಏರುತ್ತಿದೆ ಎಂದರೆ ದೋಷ ಕಾರಿನಲ್ಲೇ ಇದೆ. ಅದೂ ಎದುರಿನಿಂದ ಲಾರಿ, ಬಸ್ ಬರುವ ಕಡೆಗೇ ಅದು ಎಳೆಯುತ್ತಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ಅಮೆರಿಕದಲ್ಲೋ ದುಬೈನಲ್ಲೋ ಮಾಡಿದ ವಿಡಿಯೊ ನಿಮ್ಮ ಗ್ರೂಪಿಗೆ ಬಂದಿದ್ದರೆ, ಅದರಲ್ಲಿ "ಬಲಕ್ಕೆ ಸ್ವಲ್ಪ ಸರಿದರೆ ಚಿಂತೆ ಇಲ್ಲ" ಎಂದು ಹೇಳಿರಬಹುದು. ಅಲ್ಲಿ ವಾಹನಗಳು ಓಡುವುದು ಬಲಗಡೆ, ಹಾಗಾಗಿ ಅಲ್ಲಿ ಅದು ಸರಿ. ಇಲ್ಲಿ ಅದು ಉಲ್ಟಾ.

ಕೈ ಬಿಟ್ಟು ನೋಡುವುದು ಬೇಡವೇ ಬೇಡ

ಎರಡೂ ಕೈ ಬಿಟ್ಟು ಪರೀಕ್ಷೆ ಮಾಡಿ ಎಂಬ ಸಲಹೆಯನ್ನು ಲೆಕ್ಕ ಹಾಕಿ ನೋಡೋಣ. 3.5 ಮೀಟರ್ ಲೇನ್‌ನಲ್ಲಿ 1.7 ಮೀಟರ್ ಅಗಲದ ಕಾರು ಸರಿಯಾಗಿ ನಡುವೆ ಇದ್ದರೆ ಎರಡೂ ಕಡೆ ತಲಾ 90 ಸೆಂ.ಮೀ. ಜಾಗ ಉಳಿಯುತ್ತದೆ. ಕಾರಿನ ಮೂತಿ ಬರೀ 1 ಡಿಗ್ರಿ ತಿರುಗಿದರೂ 50 ಮೀಟರ್ ಸಾಗುವಷ್ಟರಲ್ಲಿ ಅದು ಸುಮಾರು 87 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ 50 ಮೀಟರ್ ಎಂದರೆ ಕೇವಲ 3 ಸೆಕೆಂಡ್. ಇದರ ಜೊತೆಗೆ ಒಂದು ಬೈಕ್ ಅಡ್ಡ ಬಂದರೆ, ಒಂದು ಗುಂಡಿ ಸಿಕ್ಕರೆ ಏನಾಗಬಹುದು ಎಂದು ನೀವೇ ಊಹಿಸಿ.

ಸುರಕ್ಷಿತ ವಿಧಾನ ಹೀಗಿದೆ. ಹಗಲು ಹೊತ್ತಿನಲ್ಲಿ, ವಾಹನಗಳು ಇಲ್ಲದ, ಸಮತಟ್ಟಾದ ನೇರ ರಸ್ತೆ ಆರಿಸಿಕೊಳ್ಳಿ. ವೇಗ 40ರಿಂದ 50ರ ಒಳಗೇ ಇರಲಿ. ಕೈ ಸ್ಟೀರಿಂಗ್ ಮೇಲೇ ಇರಲಿ, ಹಿಡಿತ ಮಾತ್ರ ಸಡಿಲವಾಗಲಿ. ಸ್ಟೀರಿಂಗ್ ತಾನಾಗಿ ಯಾವ ಕಡೆ ತಿರುಗಲು ನೋಡುತ್ತದೆ ಎಂಬುದು ಅಂಗೈಗೆ ಗೊತ್ತಾಗುತ್ತದೆ. ಒಂದೇ ರಸ್ತೆಯಲ್ಲಿ ನೋಡಿ ತೀರ್ಮಾನಿಸಬೇಡಿ, ಕನಿಷ್ಠ ಎರಡು ಮೂರು ಕಡೆ ನೋಡಿ. ಜೋರು ಗಾಳಿ ಬೀಸುವ ದಿನ ಈ ಪರೀಕ್ಷೆ ಬೇಡ. ಅಡ್ಡಗಾಳಿಯೂ ಕಾರನ್ನು ತಳ್ಳುತ್ತದೆ.

ಮೊದಲ ಹೆಜ್ಜೆ: ಗಾಳಿ

ಕಾರು ಎಳೆಯುವುದಕ್ಕೆ ತೀರಾ ಸಾಮಾನ್ಯವಾದ, ಖರ್ಚೇ ಇಲ್ಲದೆ ಸರಿಹೋಗುವ ಕಾರಣ ಇದು. ಗಾಳಿ ಕಡಿಮೆಯಾದ ಟೈರ್ ಚಪ್ಪಟೆಯಾಗಿ ರಸ್ತೆಗೆ ಹೆಚ್ಚು ಒತ್ತಿಕೊಳ್ಳುತ್ತದೆ, ಉರುಳಲು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಎತ್ತಿನಗಾಡಿಯ ಒಂದು ಚಕ್ರ ಕೆಸರಿಗೆ ಇಳಿದರೆ ಗಾಡಿ ಆ ಕಡೆಗೇ ತಿರುಗುವಂತೆ, ಕಾರೂ ಗಾಳಿ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಮುಂದಿನ ಎರಡು ಟೈರ್‌ಗಳಲ್ಲಿ ಒಂದರಲ್ಲಿ 33 ಪಿಎಸ್‌ಐ, ಇನ್ನೊಂದರಲ್ಲಿ 24 ಇದ್ದರೆ ಅಲೈನ್‌ಮೆಂಟ್ ಎಷ್ಟು ಸರಿಯಿದ್ದರೂ ಕಾರು ನೇರ ಹೋಗುವುದಿಲ್ಲ.

ಕಣ್ಣಲ್ಲಿ ನೋಡಿ ಗಾಳಿ ಸರಿಯಿದೆ ಎನ್ನಬೇಡಿ. ಈಗಿನ ರೇಡಿಯಲ್ ಟೈರ್‌ಗಳು ಗಾಳಿ ಸರಿಯಿದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿದಂತೆ ಕಾಣುತ್ತವೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಚುಚ್ಚಿಕೊಂಡಿದ್ದರೂ ಗಾಳಿ ದಿನಗಟ್ಟಲೆ ನಿಧಾನವಾಗಿ ಇಳಿಯುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ. ಗಾಳಿ ತೋರಿಸುವ ಎಚ್ಚರಿಕೆ ದೀಪ ನಿಮ್ಮ ಕಾರಿನಲ್ಲಿದ್ದರೂ ಅದು ಹತ್ತುವುದು ಒತ್ತಡ ಸಾಕಷ್ಟು ಇಳಿದ ಮೇಲೆ. ಎಳೆತ ಅದಕ್ಕಿಂತ ಮೊದಲೇ ಶುರುವಾಗಬಹುದು.

ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆ ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ. ಅಷ್ಟು ತುಂಬಿಸಬಾರದು. ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು, ಅಂದರೆ ಕಾರು ನಿಲ್ಲಿಸಿ ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಒಂದೆರಡು ಕಿ.ಮೀ. ಮಾತ್ರ ಓಡಿರಬೇಕು. ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಒಂದು ಪಕ್ಕಕ್ಕೆ ಮಾತ್ರ ಬಿಸಿಲು ಬೀಳುವಂತೆ ಕಾರು ನಿಲ್ಲಿಸಿದ್ದರೆ ಎರಡು ಕಡೆಯ ಅಳತೆಯಲ್ಲೂ ವ್ಯತ್ಯಾಸ ಬರುತ್ತದೆ. ಆದ್ದರಿಂದ ಬೆಳಗ್ಗೆ ಹತ್ತಿರದ ಬಂಕ್‌ನಲ್ಲಿ ನಾಲ್ಕೂ ಟೈರ್ ಒಟ್ಟಿಗೇ ಚೆಕ್ ಮಾಡಿಸುವುದು ಒಳ್ಳೆಯದು.

ಸ್ಟೆಪ್ನಿ ಹಾಕಿಕೊಂಡು ಓಡಿಸುತ್ತಿದ್ದರೆ ಅದನ್ನೂ ಗಮನಿಸಿ. ಹಲವು ಕಾರುಗಳಲ್ಲಿ ಸ್ಟೆಪ್ನಿ ಉಳಿದ ಟೈರ್‌ಗಳಿಗಿಂತ ಚಿಕ್ಕದು ಅಥವಾ ಕಿರಿದಾಗಿರುತ್ತದೆ. ಅದು ಇರುವಷ್ಟು ಹೊತ್ತೂ ಕಾರು ಎಳೆಯಬಹುದು. ಅದರ ಮೇಲೆ ವೇಗದ ಮಿತಿ ಬರೆದಿದ್ದರೆ, ಸಾಮಾನ್ಯವಾಗಿ 80 ಕಿ.ಮೀ., ಅದನ್ನು ಮೀರಬೇಡಿ.

ಎರಡನೇ ಹೆಜ್ಜೆ: ಟೈರೇ ಎಳೆಯುತ್ತಿರಬಹುದು

ಗಾಳಿ ಸರಿಯಿದೆ, ಟೈರ್ ನೋಡಲು ಹೊಸದು, ಆದರೂ ಎಳೆತ ಇದೆ. ಇದು ಸಾಧ್ಯವೇ? ಸಾಧ್ಯ.

ಟೀ ಕುಡಿದ ಪೇಪರ್ ಕಪ್ಪನ್ನು ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ಅದು ನೇರ ಹೋಗುವುದಿಲ್ಲ, ವೃತ್ತಾಕಾರದಲ್ಲಿ ಸುತ್ತುತ್ತದೆ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದಾಗಿರುವುದೇ ಕಾರಣ. ಟೈರಿನ ಒಳಗಿರುವ ಉಕ್ಕಿನ ತಂತಿಯ ಪಟ್ಟಿ ತಯಾರಿಕೆಯಲ್ಲಿ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಆ ಟೈರ್ ಪೇಪರ್ ಕಪ್ಪಿನಂತೆ ವರ್ತಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಲೈನ್‌ಮೆಂಟ್ ಮಷಿನ್‌ಗೂ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅದು ಅಳೆಯುವುದು ಚಕ್ರದ ಕೋನಗಳನ್ನು ಮಾತ್ರ. "ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ, ಸರಿಹೋಗಲೇ ಇಲ್ಲ" ಎನ್ನುವ ದೂರುಗಳ ಹಿಂದೆ ಹಲವು ಸಲ ಇರುವುದು ಇದೇ.

ಇದನ್ನು ಪತ್ತೆ ಮಾಡುವುದು ಸುಲಭ. ಮುಂದಿನ ಎಡ ಮತ್ತು ಬಲ ಚಕ್ರಗಳನ್ನು ಅದಲುಬದಲು ಮಾಡಿಸಿ, ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ, ಅಥವಾ ಎಳೆತ ನಿಂತೇ ಹೋದರೆ, ತಪ್ಪು ಟೈರಿನದು. ಏನೂ ಬದಲಾಗದಿದ್ದರೆ ಟೈರ್ ನಿರಪರಾಧಿ, ಮುಂದಿನ ಹೆಜ್ಜೆಗೆ ಹೋಗಿ. ಪಂಕ್ಚರ್ ಅಂಗಡಿಯಲ್ಲೇ ಇದನ್ನು ಮಾಡಿಸಬಹುದು. ಒಂದು ಎಚ್ಚರಿಕೆ: ಕೆಲವು ಟೈರ್‌ಗಳ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇರುತ್ತದೆ. ಅಂಥ ಟೈರ್‌ಗಳನ್ನು ಎಡದಿಂದ ಬಲಕ್ಕೆ ಬದಲಿಸುವ ಬದಲು ಅದೇ ಪಕ್ಕದ ಹಿಂದಿನ ಚಕ್ರದೊಂದಿಗೆ ಬದಲಿಸಿ ನೋಡಿ.

ಅದಲುಬದಲು ಮಾಡುವಾಗಲೇ ಟೈರಿನ ಮೇಲ್ಮೈಯನ್ನೂ ಪಕ್ಕವನ್ನೂ ಕೈಯಾಡಿಸಿ ನೋಡಿ. ಎಲ್ಲಾದರೂ ಉಬ್ಬಿದ್ದರೆ ಒಳಗಿನ ಪದರ ಬಿಟ್ಟುಕೊಂಡಿದೆ ಎಂದರ್ಥ. ಅಂಥ ಟೈರ್ ಹೆದ್ದಾರಿಯಲ್ಲಿ ಒಡೆಯಬಹುದು, ಕೂಡಲೇ ಬದಲಿಸಿ. ಟೈರಿನ ಗೆರೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಎಳೆತ ಇರಲಿ, ಇಲ್ಲದಿರಲಿ, ಆ ಟೈರ್ ಕಾನೂನಿನ ಪ್ರಕಾರವೇ ಬಳಕೆಗೆ ಯೋಗ್ಯವಲ್ಲ.

ಮೂರನೇ ಹೆಜ್ಜೆ: ಅಲೈನ್‌ಮೆಂಟ್ ಏನನ್ನು ಸರಿಮಾಡುತ್ತದೆ, ಏನನ್ನು ಮಾಡುವುದಿಲ್ಲ?

ಅಲೈನ್‌ಮೆಂಟ್ ಎಂದರೆ ಒಂದೇ ಅಳತೆಯಲ್ಲ, ಮುಖ್ಯವಾಗಿ ಮೂರು.

ಮೊದಲನೆಯದು ಟೋ. ನಾವು ನಿಂತಾಗ ಪಾದಗಳ ತುದಿ ಒಳಮುಖವಾಗಿಯೋ ಹೊರಮುಖವಾಗಿಯೋ ಇರುವಂತೆ, ಚಕ್ರಗಳೂ ಮುಂಭಾಗದಲ್ಲಿ ಒಳಕ್ಕೆ ಅಥವಾ ಹೊರಕ್ಕೆ ತಿರುಗಿರಬಹುದು. ಎರಡನೆಯದು ಕ್ಯಾಂಬರ್. ಕಾರಿನ ಮುಂದೆ ನಿಂತು ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು. ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಹ್ಯಾಂಡಲ್‌ನಿಂದ ಮುಂದಿನ ಚಕ್ರಕ್ಕೆ ಇಳಿಯುವ ಫೋರ್ಕ್ ಸ್ವಲ್ಪ ಓರೆಯಾಗಿರುತ್ತದಲ್ಲ, ಕಾರಿನ ಚಕ್ರ ತಿರುಗುವ ಅಕ್ಷವೂ ಹಾಗೆಯೇ ಹಿಂದಕ್ಕೆ ಓರೆಯಾಗಿರುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುವುದು ಮುಖ್ಯವಾಗಿ ಇದರಿಂದಲೇ.

ಈಗ ಮುಖ್ಯ ವಿಷಯ. ಮುಂದಿನ ಚಕ್ರಗಳ ಟೋ ತಪ್ಪಿದ್ದರೆ ಟೈರ್ ಬೇಗ ಸವೆಯುತ್ತದೆ, ಕಾರು ನೇರ ಹೋಗುವಾಗ ಸ್ಟೀರಿಂಗ್ ಓರೆಯಾಗಿ ನಿಲ್ಲಬಹುದು. ಆದರೆ ಅದೊಂದರಿಂದಲೇ ಕಾರು ಪಕ್ಕಕ್ಕೆ ಎಳೆಯುವುದು ಅಪರೂಪ. ಓಡುವಾಗ ಎರಡೂ ಚಕ್ರಗಳು ಆ ವ್ಯತ್ಯಾಸವನ್ನು ಸಮನಾಗಿ ಹಂಚಿಕೊಂಡುಬಿಡುತ್ತವೆ. ಎಳೆತಕ್ಕೆ ಕಾರಣವಾಗುವುದು ಎಡ ಮತ್ತು ಬಲ ಚಕ್ರಗಳ ಕ್ಯಾಂಬರ್ ಅಥವಾ ಕ್ಯಾಸ್ಟರ್‌ನಲ್ಲಿ ಇರುವ ವ್ಯತ್ಯಾಸ. ಯಾವ ಕಡೆಯ ಚಕ್ರ ಹೊರಕ್ಕೆ ಹೆಚ್ಚು ವಾಲಿದೆಯೋ ಕಾರು ಆ ಕಡೆಗೆ ಎಳೆಯುತ್ತದೆ. ಯಾವ ಕಡೆ ಕ್ಯಾಸ್ಟರ್ ಕಡಿಮೆಯೋ ಆ ಕಡೆಗೂ ಎಳೆಯುತ್ತದೆ.

ನಮ್ಮ ಬಹಳಷ್ಟು ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿ ತಿರುಗಿಸಿ ಸರಿಮಾಡಲು ಕೊಟ್ಟಿರುವುದು ಟೋ ಒಂದನ್ನೇ. ಕ್ಯಾಂಬರ್ ಮತ್ತು ಕ್ಯಾಸ್ಟರ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತವೆ. ಅವು ತಪ್ಪಿವೆ ಎಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ಅರ್ಥ: ಲೋವರ್ ಆರ್ಮ್, ಅದರ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಅಥವಾ ಅದರ ಮೇಲಿನ ಮೌಂಟ್. ಆ ಭಾಗ ಬದಲಿಸದೆ ಟೋ ಮಾತ್ರ ಸರಿಮಾಡಿ "ಅಲೈನ್‌ಮೆಂಟ್ ಆಯ್ತು ಸಾರ್" ಎಂದರೆ ಸ್ಟೀರಿಂಗ್ ನೇರ ಕಾಣಬಹುದು, ಎಳೆತ ಮಾತ್ರ ಹಾಗೇ ಉಳಿಯುತ್ತದೆ.

ಆದ್ದರಿಂದ ಅಲೈನ್‌ಮೆಂಟ್ ಮಾಡಿಸುವುದಾದರೆ ಮಾಡುವ ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಎಡ ಮತ್ತು ಬಲದ ಕ್ಯಾಂಬರ್, ಕ್ಯಾಸ್ಟರ್ ಸಂಖ್ಯೆಗಳನ್ನು ಹೋಲಿಸಿ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾರಣ ಏನು ಎಂದು ಕೇಳಿ. ಹಿಂದಿನ ಚಕ್ರಗಳ ಅಳತೆಯನ್ನೂ ನೋಡಿ. ಹಿಂದಿನ ಆಕ್ಸಲ್ ಸ್ವಲ್ಪ ಓರೆಯಾಗಿದ್ದರೆ ಕಾರು ಏಡಿಯಂತೆ ಅಡ್ಡಡ್ಡ ಓಡುತ್ತದೆ, ನೇರ ಹೋಗಲು ಸ್ಟೀರಿಂಗ್ ಸದಾ ತಿರುಗಿಸಿಯೇ ಹಿಡಿಯಬೇಕಾಗುತ್ತದೆ.

ಬ್ರೇಕ್: ಇಲ್ಲಿ ಮಾತ್ರ ಕಾಯಬೇಡಿ

ಬ್ರೇಕ್‌ನಿಂದ ಬರುವ ಎಳೆತ ಎರಡು ಬಗೆ.

ಒಂದು, ಬ್ರೇಕ್ ಒತ್ತದಿದ್ದರೂ ಎಳೆಯುವುದು. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ತುಕ್ಕಿನಿಂದಲೋ ಕೊಳೆಯಿಂದಲೋ ಸಿಕ್ಕಿಕೊಂಡರೆ, ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಕಾರು ಆ ಚಕ್ರದ ಕಡೆಗೆ ಎಳೆಯುತ್ತದೆ, ಮೈಲೇಜ್ ಇಳಿಯುತ್ತದೆ, ಸುಟ್ಟ ವಾಸನೆಯೂ ಬರಬಹುದು. ಪರೀಕ್ಷಿಸಲು 10–15 ನಿಮಿಷ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಲ್ಲಿಸಿ. ಮುಂದಿನ ಎರಡು ಚಕ್ರಗಳ ಹತ್ತಿರ ಅಂಗೈ ಹಿಂಭಾಗ ಹಿಡಿದು ಶಾಖ ಹೋಲಿಸಿ. ಮುಟ್ಟಬೇಡಿ, ಕೈ ಸುಡುತ್ತದೆ. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲೇ ಬ್ರೇಕ್ ಹಿಡಿದುಕೊಂಡಿದೆ. ತಣ್ಣಗಾಗಲಿ ಎಂದು ಅದರ ಮೇಲೆ ನೀರು ಸುರಿಯಬೇಡಿ.

ಎರಡು, ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದು. ಇಲ್ಲಿ ಲೆಕ್ಕ ಉಲ್ಟಾ. ಎಡ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ, ಹಿಡಿಯುವ ಬಲ ಚಕ್ರವೇ ಕಾರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಂದರೆ ಬ್ರೇಕ್ ಒತ್ತಿದಾಗ ಕಾರು ಬಲಕ್ಕೆ ಹೋದರೆ ದೋಷ ಎಡಗಡೆ ಇರುವ ಸಾಧ್ಯತೆ ಹೆಚ್ಚು. ಪ್ಯಾಡ್‌ಗೆ ಎಣ್ಣೆ ತಾಗಿರಬಹುದು, ಕ್ಯಾಲಿಪರ್ ಕೆಲಸ ಮಾಡದೆ ಇರಬಹುದು, ಬ್ರೇಕ್ ಹೋಸ್ ಒಳಗೆ ಮುಚ್ಚಿಕೊಂಡಿರಬಹುದು. ಲೋವರ್ ಆರ್ಮ್ ಬುಷ್ ಪೂರ್ತಿ ಸವೆದಿದ್ದರೂ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿದು ಹೀಗೇ ಆಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಊರೊಳಗೆ 30ರ ವೇಗದಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದು ಗೇಣು ಪಕ್ಕಕ್ಕೆ ಹೋದರೆ ಸರಿಪಡಿಸಿಕೊಳ್ಳಬಹುದು. ಹೆದ್ದಾರಿಯಲ್ಲಿ 80ರಲ್ಲಿ ಹಸು ಅಡ್ಡ ಬಂತೆಂದು ಪೂರ್ತಿ ಬ್ರೇಕ್ ಒತ್ತಿದಾಗ ಅದೇ ದೋಷ ಕಾರನ್ನು ಪಕ್ಕದ ಲೇನಿಗೇ ಎಸೆಯಬಹುದು. ಮಳೆಯಲ್ಲಿ, ಘಾಟಿ ಇಳಿಯುವಾಗ ಅಪಾಯ ಇನ್ನೂ ಹೆಚ್ಚು. ಬ್ರೇಕ್ ಒತ್ತಿದಾಗ ಎಳೆತ ಇದ್ದರೆ, ಚಕ್ರ ಅತಿಯಾಗಿ ಬಿಸಿಯಾಗುತ್ತಿದ್ದರೆ, ಅಥವಾ ಪೆಡಲ್ ಮೆತ್ತಗಾಗಿದ್ದರೆ ದೂರದ ಪ್ರಯಾಣ ಮುಂದೂಡಿ. ಮೆಕ್ಯಾನಿಕ್ ನೋಡಿ ಸರಿ ಎಂದ ಮೇಲೆಯೇ ಹೊರಡಿ.

ಇನ್ನೂ ಕೆಲವು ಸಂದರ್ಭಗಳು

ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಮಾತ್ರ ಎಳೆಯುತ್ತದೆಯೇ? ಮುಂದಿನ ಚಕ್ರಗಳೇ ಎಳೆಯುವ ಕಾರುಗಳಲ್ಲಿ ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಇರುವುದರಿಂದ ಎಡ ಮತ್ತು ಬಲ ಚಕ್ರಕ್ಕೆ ಹೋಗುವ ಶಾಫ್ಟ್‌ಗಳ ಉದ್ದ ಹಲವು ಸಲ ಬೇರೆ ಬೇರೆ. ಟರ್ಬೊ ಎಂಜಿನ್ ಇರುವ ಕಾರುಗಳಲ್ಲಿ ಇದು ಸ್ವಲ್ಪ ಹೆಚ್ಚೇ ಗೊತ್ತಾಗುತ್ತದೆ. ಕಾರು ಕೊಂಡಾಗಿನಿಂದ ಇದ್ದರೆ ಅದರ ಸ್ವಭಾವ ಎನ್ನಬಹುದು. ಹೊಸದಾಗಿ ಶುರುವಾಗಿದ್ದರೆ ಬುಷ್ ಮತ್ತು ಎಂಜಿನ್ ಮೌಂಟ್ ನೋಡಿಸಿ.

ಎಡಕ್ಕೆ ತಿರುಗಿದ ಮೇಲೆ ಎಡಕ್ಕೆ, ಬಲಕ್ಕೆ ತಿರುಗಿದ ಮೇಲೆ ಬಲಕ್ಕೆ ಎಳೆಯುತ್ತದೆಯೇ? ಸ್ಟೀರಿಂಗ್ ಸರಾಗವಾಗಿ ನಡುವಿಗೆ ಮರಳುತ್ತಿಲ್ಲ ಎಂದರ್ಥ. ಶಾಕ್ ಅಬ್ಸಾರ್ಬರ್ ಮೇಲಿನ ಬೇರಿಂಗ್ ಅಥವಾ ಯಾವುದಾದರೂ ಜಾಯಿಂಟ್ ಬಿಗಿಯಾಗಿರಬಹುದು. ಇದೂ ಅಲೈನ್‌ಮೆಂಟ್‌ನಿಂದ ಸರಿಹೋಗುವುದಿಲ್ಲ.

ಹೊಸ ಕಾರಿನಲ್ಲಿ ಲೇನ್ ಬಿಟ್ಟು ಹೋಗದಂತೆ ಸ್ಟೀರಿಂಗ್ ತಾನಾಗಿ ತಿರುಗಿಸುವ ವ್ಯವಸ್ಥೆ ಇದೆಯೇ? ಅಳಿಸಿಹೋದ ಅಥವಾ ಎರಡೆರಡು ಸಲ ಬಳಿದ ಬಿಳಿ ಗೆರೆ ಕಂಡಾಗ ಅದು ಮೆಲ್ಲಗೆ ಎಳೆದಂತೆ ಅನಿಸಬಹುದು. ಅದನ್ನು ಆಫ್ ಮಾಡಿ ಪರೀಕ್ಷಿಸಿ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಅಲೈನ್‌ಮೆಂಟ್ ನಂತರ ಸ್ಟೀರಿಂಗ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಮತ್ತೆ ಹೊಂದಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಎಲ್ಲ ಅಳತೆ ಸರಿಯಿದ್ದೂ ಎಳೆತ ಉಳಿಯಬಹುದು.

ಕೇಳಿಬರುವ ಮಾತುಗಳು: ಎಷ್ಟು ನಿಜ?

"ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಎಳೆತ ಹೋಗುತ್ತದೆ."
ತಪ್ಪು. ಬ್ಯಾಲೆನ್ಸಿಂಗ್ ತಪ್ಪಿದರೆ ಒಂದು ವೇಗ ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ. ನಡುಕ ಬೇರೆ, ಎಳೆತ ಬೇರೆ.

"ನೈಟ್ರೋಜನ್ ತುಂಬಿಸಿದರೆ ಸರಿಹೋಗುತ್ತದೆ."
ತಪ್ಪು. ನಾವು ಉಸಿರಾಡುವ ಗಾಳಿಯಲ್ಲೇ ಸುಮಾರು ಶೇ. 78ರಷ್ಟು ನೈಟ್ರೋಜನ್ ಇದೆ. ನೈಟ್ರೋಜನ್ ಹಾಕಿಸಿದ ಮೇಲೆ ಎಳೆತ ನಿಂತಿದ್ದರೆ, ನಾಲ್ಕೂ ಟೈರಿನ ಒತ್ತಡ ಸಮನಾದದ್ದೇ ಅದಕ್ಕೆ ಕಾರಣ. ಮಾಮೂಲಿ ಗಾಳಿಯಿಂದಲೂ ಅದೇ ಆಗುತ್ತಿತ್ತು.

"ಎಳೆಯುವ ಕಡೆಯ ಟೈರಿಗೆ ಗಾಳಿ ಜಾಸ್ತಿ ಹಾಕಿ."
ಅಪಾಯಕಾರಿ. ಇದು ಕಾಯಿಲೆಯನ್ನು ಮುಚ್ಚಿಡುತ್ತದೆ ಅಷ್ಟೇ. ಎರಡು ಟೈರ್‌ಗಳ ಹಿಡಿತ ಬೇರೆಯಾಗಿ ಜೋರು ಬ್ರೇಕ್ ಹಾಕಿದಾಗ ತೊಂದರೆ ಆಗಬಹುದು. ಸ್ಟಿಕ್ಕರ್‌ನಲ್ಲಿ ಇರುವಷ್ಟೇ ಹಾಕಿಸಿ.

"ಸ್ಟೀರಿಂಗ್ ಬಿಚ್ಚಿ ನೇರ ಕೂರಿಸಿದರೆ ಆಯಿತು."
ತಪ್ಪು. ಸ್ಟೀರಿಂಗ್ ನೇರ ಕಾಣುತ್ತದೆ, ಚಕ್ರಗಳು ಹೇಗಿದ್ದವೋ ಹಾಗೇ ಇರುತ್ತವೆ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಅನ್ನು ಹೀಗೆ ಬಿಚ್ಚುವುದೂ ಹುಡುಗಾಟದ ಕೆಲಸವಲ್ಲ.

"ಅಲೈನ್‌ಮೆಂಟ್ ಮಾಡಿಸಿದರೆ ಸಾಕು."
ಅರ್ಧ ಸತ್ಯ. ಗಾಳಿ, ಟೈರ್, ಬ್ರೇಕ್, ಸವೆದ ಭಾಗಗಳನ್ನು ನೋಡಿದ ಮೇಲೆ ಮಾಡಿಸಿದರೆ ಮಾತ್ರ ಅದಕ್ಕೆ ಅರ್ಥ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

"ಅಲೈನ್‌ಮೆಂಟ್ ಮಾಡಿ ಕೊಡಿ" ಎಂದು ಹೇಳಿದರೆ ಅವರು ಅಷ್ಟನ್ನೇ ಮಾಡಿ ಬಿಲ್ ಕೊಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಔಷಧಿಯ ಹೆಸರು ಹೇಳುವ ಬದಲು ಲಕ್ಷಣ ಹೇಳಿ. ಉದಾಹರಣೆಗೆ: "ಎರಡು ವಾರದಿಂದ ಬಲಕ್ಕೆ ಎಳೆಯುತ್ತಿದೆ. ಗುಂಡಿಗೆ ಇಳಿದ ಮೇಲೆ ಶುರುವಾಯಿತು. ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಥರ. ನಾಲ್ಕೂ ಟೈರ್ ಗಾಳಿ ಸರಿಯಿದೆ. ಮುಂದಿನ ಟೈರ್ ಅದಲುಬದಲು ಮಾಡಿ ನೋಡಿದೆ, ವ್ಯತ್ಯಾಸ ಆಗಲಿಲ್ಲ." ಇಷ್ಟು ಕೇಳಿದ ಮೆಕ್ಯಾನಿಕ್ ನೇರವಾಗಿ ಕಾರನ್ನು ಎತ್ತಿ ಲೋವರ್ ಆರ್ಮ್ ನೋಡುತ್ತಾರೆ. ಸಾಧ್ಯವಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ, ಆಮೇಲೆ ಅವರ ಕೈಗೂ ಸ್ಟೀರಿಂಗ್ ಕೊಡಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

1. ಬ್ರೇಕ್ ಒತ್ತಿದಾಗ ಕಾರು ಎಳೆದರೆ ಅಥವಾ ಒಂದು ಚಕ್ರ ಅತಿಯಾಗಿ ಬಿಸಿಯಾದರೆ ಪ್ರಯಾಣ ನಿಲ್ಲಿಸಿ, ತೋರಿಸಿ.
2. ಟೈರ್ ತಣ್ಣಗಿರುವಾಗ ನಾಲ್ಕರ ಗಾಳಿಯನ್ನೂ ಚೆಕ್ ಮಾಡಿಸಿ.
3. ಸಮತಟ್ಟಾದ ರಸ್ತೆಯಲ್ಲಿ, ಕೈ ಸ್ಟೀರಿಂಗ್ ಮೇಲೇ ಇಟ್ಟು ಪರೀಕ್ಷಿಸಿ. ಕೈ ಪೂರ್ತಿ ಬಿಡಬೇಡಿ.
4. ಮುಂದಿನ ಟೈರ್‌ಗಳನ್ನು ಅದಲುಬದಲು ಮಾಡಿ ನೋಡಿ. ಎಳೆತದ ದಿಕ್ಕು ಬದಲಾದರೆ ಅಥವಾ ಎಳೆತ ನಿಂತರೆ ತಪ್ಪು ಟೈರಿನದು.
5. ಇಷ್ಟೂ ಆದ ಮೇಲೆ ಎಳೆತ ಉಳಿದರೆ, ಕೆಳಗಿನ ಭಾಗಗಳನ್ನು ನೋಡಿಸಿ, ನಂತರ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಕೇಳಿ.

ನಿಮ್ಮ ಮನೆಯಲ್ಲಿ ಹೊಸದಾಗಿ ಕಾರು ಕಲಿತವರು ಇದ್ದರೆ ಅವರಿಗೆ ಮೊದಲು ಕಳಿಸಿ. ಕಾರು ಎಳೆಯುತ್ತಿದ್ದರೂ "ನನಗೇ ಸರಿಯಾಗಿ ಓಡಿಸಲು ಬರುವುದಿಲ್ಲವೇನೋ" ಎಂದುಕೊಂಡು ಸುಮ್ಮನಿರುವವರು ಹೆಚ್ಚಾಗಿ ಅವರೇ.